ಹನ್ನೆರಡರದೋ, ಹದಿನೈದರದೋ

ಈಚೆಗೆ ನನಗೊಂದು ಚಟ ಅಂಟಿಕೊಂಡಿದೆ. ರಸ್ತೆಯಲ್ಲಿ ಕಾರು ನಿಂತಿದ್ದರೆ ಅದರ ಹಿಂದೆ ಹೋಗಿ ನಿಲ್ಲುತ್ತೇನೆ. ಜನರೆಲ್ಲ ಕಾರನ್ನು ಮುಂದಿನಿಂದ ನೋಡುತ್ತಾರೆ, ಅದರ ಮುಖ ಇರುವುದು ಅಲ್ಲಿ. ನಾನು ನೋಡುವುದು ಹಿಂದಿನ ದೀಪಗಳನ್ನು. ಗುಂಡಗಿವೆಯೋ, ಚೌಕವೋ, ಪಟ್ಟಿಯಂತೆ ಉದ್ದಕ್ಕಿವೆಯೋ. ಮೊನ್ನೆ ಬೈಲಹೊಂಗಲದ ಬಜಾರದಲ್ಲಿ ಹೀಗೆ ಬಗ್ಗಿ ನಿಂತಿದ್ದಾಗ ಕಾರಿನ ಒಡೆಯ ಚಹಾದ ಕಪ್ಪು ಹಿಡಿದುಕೊಂಡೇ ಬಂದು, "ಪಂಕ್ಚರ್ ಆಗೈತೇನ್ರಿ?" ಎಂದು ಕೇಳಿದ. ಇಲ್ಲ ಎಂದೆ. "ಮತ್ತ ಏನ್ ನೋಡಾಕ ಹತ್ತೀರಿ?" ದೀಪ ಎಂದೆ. ಅವನು ಒಮ್ಮೆ ನನ್ನನ್ನು, ಒಮ್ಮೆ ದೀಪವನ್ನು ನೋಡಿ, "ಹತ್ತತಾವ್ರಿ ಅವು" ಎಂದು ಹೇಳಿ ಚಹಾ ಮುಗಿಸಲು ಹೋದ.

ಈ ಚಟಕ್ಕೊಂದು ಕಾರಣವಿದೆ. ನಾನು ಹಳೆಯ ಕಾರೊಂದನ್ನು ಕೊಳ್ಳಲು ಹೊರಟಿದ್ದೆ. ಅದೂ ಸಂಸಾರಸ್ಥರು ಕೊಳ್ಳುವಂಥದಲ್ಲ. ಎರಡೇ ಬಾಗಿಲು, ರಸ್ತೆಯ ಉಬ್ಬಿಗೆ ಹೊಟ್ಟೆ ತಾಗುವಷ್ಟು ತಗ್ಗು, ಹಿಂದೆಯೂ ಸೀಟಿದೆ ಎನ್ನುವುದು ಕಾಗದದ ಮೇಲಿನ ಮಾತು. ಸ್ಪೋರ್ಟ್ಸ್ ಕೂಪೆ ಎನ್ನುತ್ತಾರೆ ಅದಕ್ಕೆ. ಫೋಟೋ ನೋಡಿದ ನನ್ನ ಹೆಂಡತಿ, "ಇದರಾಗ ಹತ್ತಲಿಕ್ಕೆ ಬಾಗಬೇಕು, ಇಳೀಲಿಕ್ಕೆ ಯಾರರೆ ಕೈ ಹಿಡದು ಎಳೀಬೇಕು. ನಾ ಅಂತೂ ಒಲ್ಲೆ" ಎಂದು ತನ್ನ ಅಭಿಪ್ರಾಯವನ್ನು ಒಂದೇ ಸಲಕ್ಕೆ ಹೇಳಿ ಮುಗಿಸಿದಳು. ಅರವತ್ತರ ಅಂಚಿಗೆ ಬಂದವನಿಗೆ ಇದೇಕೆ ಎಂದು ನೀವೂ ಕೇಳಬಹುದು. ನಾನು ಒಂದು ಕಡೆ ಕೂತವನಲ್ಲ. ಧಾರವಾಡದಲ್ಲಿ ಇತಿಹಾಸ ಓದಿ, ಕಿತ್ತೂರಿನಲ್ಲಿ ಒಂದಿಷ್ಟು ವರ್ಷ, ರಾಮದುರ್ಗದಲ್ಲಿ ಒಂದಿಷ್ಟು ವರ್ಷ ಪಾಠ ಹೇಳಿದೆ. ನಡುವೆ ನೇಸರಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟು, ಬೀಜದ ಚೀಲದ ಮೇಲಿನ ಬರಹವನ್ನೂ ನಂಬದೆ, ಕೊಳ್ಳಲು ಬಂದವರಿಗೂ ನಂಬಬೇಡಿ ಎಂದು ಹೇಳಿ, ಆ ಅಂಗಡಿ ಮುಚ್ಚಿದೆ. ಇಂಥವನಿಗೆ ಆಸೆ ಹುಟ್ಟಿದರೆ ಅದು ಎರಡು ಬಾಗಿಲಿನ ಕಾರಿನ ಮೇಲೇ ಹುಟ್ಟುತ್ತದೆ.

ನಮ್ಮ ಸುತ್ತಿನಲ್ಲಿ ಅಂಥ ಕಾರು ಎರಡು ಸಿಕ್ಕವು. ಒಂದೇ ಜಾತಿಯವು, ಹುಟ್ಟಿದ ವರ್ಷ ಬೇರೆ. ಕಿತ್ತೂರಿನದು ಎರಡು ಸಾವಿರದ ಹನ್ನೆರಡರ ಮಾಡೆಲ್. ರಾಮದುರ್ಗದ್ದು ಹದಿನೈದರದು. ನಡುವಿನ ಮೂರು ವರ್ಷಗಳಲ್ಲಿ ತಯಾರಕರು ಏನೇನೋ ಬದಲಾಯಿಸಿದ್ದರು. ಹದಿನೈದರದಕ್ಕೆ ಸ್ಟೀರಿಂಗು ಹಗುರ, ಬ್ರೇಕು ಚುರುಕು, ಹಿಂದಕ್ಕೆ ತೆಗೆಯುವಾಗ ನೋಡಲು ಕ್ಯಾಮೆರಾ. ಹನ್ನೆರಡರದಕ್ಕೆ ಇವು ಯಾವುವೂ ಇರಲಿಲ್ಲ. ಅದಕ್ಕೆ ಇದ್ದದ್ದು ಹಿಂದೆ ಎಡಕ್ಕೆರಡು, ಬಲಕ್ಕೆರಡು, ಗುಂಡನೆಯ ಕೆಂಪು ದೀಪ. ಹದಿನೈದರ ಹೊತ್ತಿಗೆ ಆ ಗುಂಡು ಹೋಗಿ ಉದ್ದನೆಯ ಪಟ್ಟಿ ಬಂದಿತ್ತು.

ನನ್ನ ಹಳೆಯ ಕಾರುಗಳನ್ನೆಲ್ಲ ಬದುಕಿಸಿಕೊಟ್ಟ ದಸ್ತಗೀರ ಮಿಸ್ತ್ರಿಗೆ ಎರಡರ ಕಾಗದವನ್ನೂ ತೋರಿಸಿದೆ. ಅವರಿಗೆ ಯೋಚಿಸಲು ಏನೂ ಇರಲಿಲ್ಲ.

"ಹದಿನೈದರದು ತೊಗೋರಿ ಸರ. ಹನ್ನೆರಡರದು ಇನ್ನ ಸ್ವಲ್ಪ ದಿನಕ್ಕ ಹದಿನೈದು ವರ್ಷ ತುಂಬಿ ಆರ್‌ಟಿಓ ಪಾಸಿಂಗ್‌ಗೆ ಬರತೈತಿ. ಸ್ಟೀರಿಂಗ್ ಅಂತೂ ಹೊಲದಾಗ ರಂಟಿ ಹೊಡದಂಗ ಆಕ್ಕೈತಿ ನಿಮಗ."

"ಅದರ ಹಿಂದಿನ ದೀಪ ಛಲೋ ಅವ."

ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ನನ್ನನ್ನು ನೋಡಿದರು. "ಹಿಂದಿನ ದೀಪ ಹಿಂದ ಬರಾಂವ ನೋಡತಾನ್ರಿ ಸರ. ಗಾಡಿ ಓಡಸಾವ್ರು ನೀವು."

ಎರಡೂ ಕಡೆಯವರು ಭಾನುವಾರದೊಳಗೆ ಹೇಳಿ ಎಂದಿದ್ದರು. ನಾನು ಹೇಳುವ ಸ್ಥಿತಿಯಲ್ಲಿರಲಿಲ್ಲ.

ವರ್ಷದ ವಿಷಯದಲ್ಲಿ ನಮ್ಮ ಮನೆತನವೇ ಸ್ವಲ್ಪ ವಿಚಿತ್ರ. ಮುರಗೋಡದಲ್ಲಿ ನಮ್ಮದು ಪೌರೋಹಿತ್ಯದ ಮನೆ. ನಮ್ಮಜ್ಜ ಇಸವಿಯ ಅಂಕಿಯನ್ನು ಬಾಯಿಂದ ಆಡಿದ್ದನ್ನು ನಾನು ಕೇಳಿಲ್ಲ. ಎಲ್ಲವೂ ಸಂವತ್ಸರದ ಹೆಸರಿನಲ್ಲೇ. ಎಮ್ಮೆ ಈದದ್ದು, ಮಾಳಿಗೆ ಸೋರಿದ್ದು, ನಾವು ಹುಟ್ಟಿದ್ದು ಎಲ್ಲಕ್ಕೂ ಒಂದೊಂದು ಸಂವತ್ಸರ. ಸಾಲೆಗೆ ಹಾಕುವಾಗ ಮಾಸ್ತರರು ನನ್ನ ಹುಟ್ಟಿದ ವರ್ಷ ಕೇಳಿದರೆ ಅಜ್ಜ ಸಂವತ್ಸರ ಹೇಳಿದರಂತೆ. ಮಾಸ್ತರರು ತಮಗೆ ತೋಚಿದ ಇಸವಿ ಬರೆದುಕೊಂಡರಂತೆ. ಹಾಗಾಗಿ ನಾನು ಯಾವ ಮಾಡೆಲ್ ಎನ್ನುವುದೇ ಇವತ್ತಿಗೂ ಖಚಿತವಿಲ್ಲ. ಕಾರಿನ ಬಾಗಿಲ ಚೌಕಟ್ಟಿನಲ್ಲಿ ಅದು ತಯಾರಾದ ತಿಂಗಳನ್ನೂ ಒತ್ತಿರುತ್ತಾರೆ. ಹನ್ನೆರಡರದು ಫೆಬ್ರುವರಿಯದು, ಯುಗಾದಿ ಇನ್ನೂ ಬಂದಿರಲಿಲ್ಲ. ಅಜ್ಜನ ಲೆಕ್ಕದಲ್ಲಿ ಅದು ಹಿಂದಿನ ಖರ ಸಂವತ್ಸರಕ್ಕೆ ಸೇರುತ್ತದೆ. ಖರ ಎಂದರೆ ಕತ್ತೆ. ಹದಿನೈದರದು ದೀಪಾವಳಿಯ ಆಚೀಚೆಯದು, ಮನ್ಮಥ ಸಂವತ್ಸರ. ಪಂಚಾಂಗವೂ ಮಿಸ್ತ್ರಿಯ ಕಡೆಗೇ ಇತ್ತು.

ಆದರೂ ನನ್ನ ಮನಸ್ಸು ಗುಂಡು ದೀಪಕ್ಕೆ ಅಂಟಿಕೊಂಡಿತ್ತು. ಅದಕ್ಕೆ ಕಾರಣ ವಸಂತಕಾಕಾ.

ವಸಂತಕಾಕಾ ನಮ್ಮ ತಂದೆಯ ತಮ್ಮ. ಪುಣೆಯಲ್ಲಿ ಯಾವುದೋ ವರ್ಕ್‌ಶಾಪಿನಲ್ಲಿದ್ದರು. ಎಂಟನೆಯ ವಯಸ್ಸಿನಲ್ಲಿ, ಅಂದರೆ ಅಜ್ಜ ಎಂಟು ಎಂದ ವಯಸ್ಸಿನಲ್ಲಿ, ನನ್ನ ಮುಂಜಿಯಾಯಿತು. ಅದರ ಮರುದಿನ ಕಾಕಾ ಮುರಗೋಡಕ್ಕೆ ಬಂದರು, ಯಾರದೋ ಪರದೇಶಿ ಕಾರು ಓಡಿಸಿಕೊಂಡು. ಕೆಂಪು ಬಣ್ಣ, ಎರಡು ಬಾಗಿಲು. ನನ್ನನ್ನೂ ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಇಂದಕ್ಕನನ್ನೂ ಕೂರಿಸಿಕೊಂಡು ನವಿಲುತೀರ್ಥದ ಡ್ಯಾಮಿಗೆ ಕರೆದೊಯ್ದರು. ಅಕ್ಕ ಮುಂದೆ, ನಾನು ಹಿಂದೆ. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಸೀಟು ಚರ್ಮದ್ದು, ಅದರ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಡ್ಯಾಮಿನ ಹತ್ತಿರ ಗೋಳಿ ಸೋಡಾ ಕೊಡಿಸಿದರು. ನನ್ನ ಸೋಡಾದ ಗೋಳಿ ಸಿಕ್ಕಿಕೊಂಡಿತು, ಕಾಕಾ ಕಿರುಬೆರಳು ಹಾಕಿ ಒತ್ತಿಕೊಟ್ಟರು. ಮತ್ತೆ ಆ ದೀಪಗಳು: ಮಧ್ಯಾಹ್ನದ ಬಿಸಿಲಿನಲ್ಲೂ ಕೆಂಡದಂತೆ ಹೊತ್ತಿಕೊಂಡಿದ್ದ, ಗುಂಡನೆಯ ನಾಲ್ಕು ದೀಪ.

ಕಾಕಾ ಅಂದು ಸಂಜೆಯೇ ಪುಣೆಗೆ ಹೊರಟರು. ಮರುವರ್ಷ ಅಲ್ಲಿಯೇ ತೀರಿಕೊಂಡರು. ಅವರದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ನನ್ನ ಪಾಲಿಗೆ ವಸಂತಕಾಕಾ ಎಂದರೆ ಆ ಒಂದು ಮಧ್ಯಾಹ್ನ, ಅಷ್ಟೆ. ಅದಕ್ಕೆ ಹತ್ತಿರವಾದದ್ದು ಹನ್ನೆರಡರ ಕಾರು.

ಈ ಕತೆಯನ್ನು ನಾನು ಧಾರವಾಡದ ಹಾಸ್ಟೆಲಿನಲ್ಲಿ ಹೇಳಿದ್ದೇನೆ, ಹೆಂಡತಿಗೆ ಮದುವೆಯಾದ ಹೊಸದರಲ್ಲಿ ಹೇಳಿದ್ದೇನೆ, ಪಾಠ ಬಿಟ್ಟು ವಿದ್ಯಾರ್ಥಿಗಳಿಗೂ ಹೇಳಿದ್ದೇನೆ. ಅದೇ ವಿದ್ಯಾರ್ಥಿಗಳಿಗೆ ಇತಿಹಾಸದ ಮೊದಲ ತರಗತಿಯಲ್ಲಿ ನಾನು ಹೇಳುತ್ತಿದ್ದದ್ದು ಇದು: ಒಬ್ಬ ಇಂಥದನ್ನು ಕಂಡೆ ಎಂದರೆ, ಏನು ಕಂಡೆ ಎಂದು ಆಮೇಲೆ ಕೇಳಿ. ಆಗ ಎಲ್ಲಿ ನಿಂತಿದ್ದೆ ಎಂದು ಮೊದಲು ಕೇಳಿ. ಹೂಲಿಯ ಗುಡಿಗಳಿಗೆ ಅವರನ್ನು ಕರೆದೊಯ್ದಾಗ, ಕಲ್ಲಿನಲ್ಲಿ ಕೊರೆದ ಬರಹವನ್ನೂ ಕೊರೆಸಿದವನ ಪರವಾದ ಮಾತು ಎಂದೇ ಓದಬೇಕೆಂದು ಬಿಸಿಲಿನಲ್ಲಿ ನಿಲ್ಲಿಸಿ ಉಪದೇಶ ಮಾಡಿದ್ದೇನೆ. ನನ್ನ ನೆನಪಿಗೆ ಮಾತ್ರ ಈ ಕಟ್ಟಳೆ ಹಾಕಿರಲಿಲ್ಲ.

ಶನಿವಾರ ಮಿಸ್ತ್ರಿಯ ವ್ಯಾನಿನಲ್ಲಿ ರಾಮದುರ್ಗಕ್ಕೆ ಹೊರಟೆವು. ದಾರಿಯಲ್ಲಿ ಸವದತ್ತಿಯಲ್ಲಿ ಇಂದಕ್ಕನನ್ನು ಹತ್ತಿಸಿಕೊಂಡೆ. ಅವಳು ಸಾಲೆಯಲ್ಲಿ ಮಾಸ್ತರಕಿ ಮಾಡಿ ನಿವೃತ್ತಳಾದವಳು. ಕಾಕಾನ ಕಾರನ್ನು ಕಂಡವರಲ್ಲಿ ನನ್ನನ್ನು ಬಿಟ್ಟರೆ ಉಳಿದವಳು ಅವಳೊಬ್ಬಳೇ. ಅದಕ್ಕೇ ಅವಳು ಬೇಕಿತ್ತು.

"ಯಾವುದು ಹೋಲತದ, ನೀ ನೋಡಿ ಹೇಳು" ಎಂದೆ.

"ಐವತ್ತು ವರ್ಷದ ಹಿಂದಿನ ಗಾಡಿ ನನಗೇನ ನೆನಪಿರತದೋ ಪಲ್ಲಣ್ಣ?" ಎಂದಳು. ನನ್ನ ಹೆಸರು ಪ್ರಹ್ಲಾದ. ಪಲ್ಲಣ್ಣ ಎನ್ನುವವರು ಈಗ ಅವಳೊಬ್ಬಳೇ. "ಅಜ್ಜನ ಲೆಕ್ಕ ಹೇಳಿದೆಲ್ಲ, ಅದು ಛಲೋ ಇತ್ತು. ಮನ್ಮಥನ್ನ ತೊಗೊ. ಈ ವಯಸ್ಸಿನಾಗ ಖರದ ಕತ್ತಿ ಬ್ಯಾಡ."

ಮಿಸ್ತ್ರಿ ನಗೆಯಾಡದೆ, "ಅಮ್ಮಾರು ಬರೋಬರಿ ಹೇಳಿದ್ರು ನೋಡ್ರಿ" ಎಂದರು.

ರಾಮದುರ್ಗದ ಕಾರು ಒಬ್ಬ ಎಳೆಯ ಡಾಕ್ಟರರದು. ಮಗು ಹುಟ್ಟಿದೆ, ನಾಲ್ಕು ಬಾಗಿಲು ಬೇಕಾಗಿದೆ ಎಂದರು. ಕಾರಿನಲ್ಲಿ ತಪ್ಪು ಹುಡುಕಲು ಮಿಸ್ತ್ರಿ ಅದರ ಅಡಿಗೆ ತೂರಿದರು. ನಾನು ಹಿಂದೆ ಹೋಗಿ ಆ ಉದ್ದನೆಯ ದೀಪಗಳನ್ನು ನೋಡಿ ಬೇಸರಪಟ್ಟುಕೊಳ್ಳುತ್ತಿದ್ದೆ. ಇಂದಕ್ಕ, "ಹಿಂದ ಕೂತು ನೋಡತೀನಿ ತಡಿ" ಎಂದು ಎಡಬಾಗಿಲು ತೆಗೆದಳು.

ಎರಡು ಬಾಗಿಲಿನ ಕಾರಿನ ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟನ್ನು ಮಡಿಸಬೇಕು. ಅದಕ್ಕೊಂದು ಹಿಡಿಕೆ ಇರುತ್ತದೆ. ನನಗೆ ಅದು ಎಲ್ಲಿರುತ್ತದೆಂದು ಗೊತ್ತಿರಲಿಲ್ಲ. ಕಿತ್ತೂರಿನ ಕಾರನ್ನು ಮೊದಲ ಸಲ ನೋಡಿದಾಗ ಅದರ ಒಡೆಯನೇ ಮಡಿಸಿಕೊಟ್ಟಿದ್ದ. ಅಕ್ಕ ನನ್ನ ಕಡೆ ಮುಖ ಮಾಡಿ ಮಾತಾಡುತ್ತಲೇ ಸ್ವಲ್ಪ ಬಾಗಿ, ಸೀಟಿನ ಬುಡಕ್ಕೆ, ಹಿಂಬದಿಗೆ ಕೈ ಹಾಕಿದಳು. ನೋಡದೆಯೇ. ಬೆರಳು ಅಲ್ಲಿ ಏನನ್ನೋ ಹುಡುಕಿದವು. ಏನೂ ಸಿಗಲಿಲ್ಲ.

"ಮ್ಯಾಲೆ ಅದರೀ ಅಮ್ಮಾ, ಭುಜದ ಹತ್ರ" ಎಂದರು ಡಾಕ್ಟರು. "ಕೆಳಗಿರೂದು ಹಳೀ ಮಾಡೆಲ್‌ಗೆ. ಈಗ ಮ್ಯಾಲೆ ಕೊಟ್ಟಾರ."

ಅಕ್ಕ ಕೈ ತೆಗೆದು, ಮೇಲಿನ ಹಿಡಿಕೆ ಎಳೆದು, ಒಳಗೆ ಹೋಗಿ ಕೂತಳು. ನಾನು ಅಲ್ಲಿಯೇ ನಿಂತೆ. ಸವದತ್ತಿಯ ಓಣಿಗಳಲ್ಲಿ ಸ್ಕೂಟರಿನ ಮೇಲೆ ಬದುಕು ಕಳೆದ ನನ್ನ ಅಕ್ಕ ಎರಡು ಬಾಗಿಲಿನ ಕಾರು ಹತ್ತಿದ್ದರೆ ಅದು ಒಂದೇ ಸಲ. ಆಗ ಅವಳು ಕೂತದ್ದು ಮುಂದೆ. ಮುಂದೆ ಕೂತವಳ ಕೈಗೆ ಹಿಂದಕ್ಕೆ ಹೋಗುವ ಹಿಡಿಕೆ ಹೇಗೆ ಗೊತ್ತು?

ಸವದತ್ತಿಗೆ ಮರಳುವ ದಾರಿಯಲ್ಲಿ ಚಹಾಕ್ಕೆ ನಿಂತಾಗ ಕೇಳಿದೆ. "ಅಕ್ಕಾ, ಅವತ್ತು ಹಿಂದ ಕೂತಾಕಿ ನೀನು, ಹೌದಲ್ಲ?"

ಅವಳು ಕಪ್ಪಿನ ಚಹಾವನ್ನು ಬಸಿಗೆ ಸುರಿದು ಆರಿಸಿದಳು. "ಹೌದು."

"ಮತ್ತ ನಾ ಎಲ್ಲೆ ಕೂತಿದ್ದೆ?"

"ನೀ ಬಂದೇ ಇಲ್ಲಲ್ಲೋ."

ಮಿಸ್ತ್ರಿ ತಮ್ಮ ಕಪ್ಪು ತೆಗೆದುಕೊಂಡು ವ್ಯಾನಿನ ಆಚೆಗೆ ಹೋಗಿ ನಿಂತರು.

ನಡೆದದ್ದು ಇಷ್ಟು. ಕಾರಿನ ಸೀಟು ಚರ್ಮದ್ದು ಎಂದು ಅಜ್ಜನಿಗೆ ಗೊತ್ತಾಯಿತು. ಹೊಸದಾಗಿ ಮುಂಜಿಯಾದ ಹುಡುಗ, ಮಡಿಯಲ್ಲಿರಬೇಕಾದವನು, ಯಾವ ಪ್ರಾಣಿಯದೋ ಚರ್ಮದ ಮೇಲೆ ಕೂಡುವುದು ಸಲ್ಲ ಎಂದರು. ಕಾಕಾ ವಾದಿಸಿದರು. ಜನಿವಾರದ ಜೊತೆಗೆ ನನ್ನ ಎದೆಯ ಮೇಲೆ ಜಿಂಕೆಯ ಚರ್ಮದ ತುಂಡೊಂದನ್ನು ಕಟ್ಟಿದ್ದರು. ಮುಂಜಿಯಲ್ಲಿ ಅದು ಕಟ್ಟಲೇಬೇಕು. ಅದನ್ನು ಎತ್ತಿ ತೋರಿಸಿ ಕಾಕಾ, "ಇದೇನು ಬಾಳೆಲೀನಾ?" ಎಂದರಂತೆ. ಅಜ್ಜ, ಅದು ಶಾಸ್ತ್ರ, ಇದು ಷೋಕಿ ಎಂದರಂತೆ. ಹೆಣ್ಣುಹುಡುಗಿಗೆ ಮುಂಜಿಯಿಲ್ಲ, ಆದ್ದರಿಂದ ಅಡ್ಡಿಯಿಲ್ಲ ಎಂದು ಅಕ್ಕನನ್ನು ಬಿಟ್ಟರು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಶಾಸ್ತ್ರದಿಂದ ಆದ ಲಾಭಗಳಲ್ಲಿ ನನಗೆ ಗೊತ್ತಿರುವುದು ಇದೊಂದೇ.

"ನೀ ಅಳೂದು ನಿಲ್ಲಸಲಿಲ್ಲ" ಎಂದಳು ಅಕ್ಕ. "ಬಂದ ಮ್ಯಾಲೆ ಅವತ್ತು ಸಂಜಿತನಾ ನಿನ್ನ ಮುಂದ ಕೂತು ಎಲ್ಲಾ ಹೇಳಿದೆ. ಮಣಕಾಲು ಗದ್ದಕ್ಕ ಹತ್ತಿದ್ದು, ಸೋಡಾದ ಗೋಳಿ ಸಿಕ್ಕಿದ್ದು, ಎಲ್ಲಾ. ನಾಕು ಸಲ ಹೇಳಿಸಿದಿ. ಮುಂದಿನ ವರ್ಷ ನೋಡತೀನಿ, ನೀನೇ ಮಂದಿಗೆ ಹೇಳಲಿಕ್ಕೆ ಹತ್ತಿದ್ದಿ, ನಾ ಹೋಗಿದ್ದೆ ಅಂತ. ಅಷ್ಟರಾಗ ಕಾಕಾ ತೀರಿಕೊಂಡಿದ್ರು. ಇದ್ದದ್ದೊಂದು ನೆನಪು ಯಾಕ ಬಿಡಸಬೇಕು ಅಂತ ಸುಮ್ನಾದೆ."

"ಚರ್ಮದ ವಾಸನಿ?"

"ಅದು ನಿನ್ನ ಎದಿ ಮ್ಯಾಲಿನ ಜಿಂಕೀದು. ಎರಡು ದಿನ ಮನಿ ತುಂಬ ನಾರತಿತ್ತು."

ಮುಂದೆ ಕೂಡುವುದು ಬಿಟ್ಟು ಹಿಂದೇಕೆ ಕೂತೆ ಎಂದು ಕೇಳಿದೆ.

"ಕಾಕಾ ಕೂಡಗೊಡಲಿಲ್ಲ. ಮುಂದಿನ ಸೀಟು ಪಲ್ಲಣ್ಣಂದು ಅಂದ್ರು. ಹೋಗಿ ಬರೂತನಾ ಖಾಲಿನೇ ಇತ್ತು."

ಇದನ್ನು ಕೇಳಿ ನನಗೆ ದುಃಖವಾಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನನಗೆ ಅನಿಸಿದ್ದು ಬೇರೆ: ಸರಿಯಾದ ಆಧಾರವಿಲ್ಲದ ಒಂದು ಪ್ರಬಂಧವನ್ನು ಐವತ್ತು ವರ್ಷ ಮಂಡಿಸಿಕೊಂಡು ಬಂದವನ ಮುಜುಗರ. ಮೊಣಕಾಲು ಅಕ್ಕನದು, ಸೋಡಾ ಅಕ್ಕನದು, ವಾಸನೆ ಜಿಂಕೆಯದು. ಲೆಕ್ಕ ಹಾಕಿ ನೋಡಿದರೆ ವಸಂತಕಾಕಾನದು ಎಂದು ನನ್ನಲ್ಲಿ ಏನೂ ಉಳಿಯಲಿಲ್ಲ. ಗುಂಡು ದೀಪವನ್ನೂ ಅಕ್ಕನೇ ಹೇಳಿರಬೇಕು. ಹಾಗಾದರೆ ಹನ್ನೆರಡರ ಕಾರನ್ನು ಹಿಡಿದು ಕೂರಲು ಕಾರಣವೂ ಇಲ್ಲ. ಕ್ಯಾಮೆರಾ ಇದೆ, ಬ್ರೇಕು ಚುರುಕಿದೆ, ಮನ್ಮಥನೂ ಇದ್ದಾನೆ.

ಡಾಕ್ಟರರಿಗೆ ಹೂಂ ಎಂದುಬಿಡುತ್ತಿದ್ದೆ. ಆದರೆ ಕಿತ್ತೂರಿನವರಿಗೆ ಮತ್ತೊಮ್ಮೆ ಬರುತ್ತೇನೆಂದು ಮಾತು ಕೊಟ್ಟಿದ್ದೆ, ಬೇಡ ಎಂದು ಹೇಳುವುದಕ್ಕಾದರೂ ಹೋಗಬೇಕಿತ್ತು. ಭಾನುವಾರ ಹೋದೆವು. ಅಕ್ಕನೂ ಬಂದಳು. ಹಿಂದಿನ ದಿನದ ಮಾತನ್ನು ನಾನು ಎಲ್ಲಿ ಮನಸ್ಸಿಗೆ ಹಚ್ಚಿಕೊಂಡಿದ್ದೇನೋ ಎಂದು ಕಾವಲಿಗೆ ಬಂದಿದ್ದಳು ಎಂದು ಕಾಣುತ್ತದೆ.

ಕಾರಿನ ಒಡೆಯ ಕಿತ್ತೂರಿನ ಒಬ್ಬ ಗುತ್ತಿಗೆದಾರ. "ಬರ್ರಿ, ಕುಂದರ್ರಿ" ಎಂದು ಕೀಲಿಕೈಯನ್ನು ಮಿಸ್ತ್ರಿಯ ಕೈಗಿತ್ತು, "ಒಂದ್ ಸುತ್ತ ಹೊಡದು ಬರ್ರಿ. ಹೊಡದ ಮ್ಯಾಲೆ ಯಾರೂ ಒಲ್ಲೆ ಅನ್ನಂಗಿಲ್ಲ" ಎಂದ. ಅಕ್ಕ ಎಡಬಾಗಿಲು ತೆಗೆದು ಬುಡಕ್ಕೆ ಕೈ ಹಾಕಿದಳು. ಈ ಸಲ ಹಿಡಿಕೆ ಅಲ್ಲಿಯೇ ಇತ್ತು. ಸೀಟು ಮಡಚಿಕೊಂಡಿತು, ಅವಳು ಹಿಂದೆ ಹೋಗಿ ಕೂತಳು. ಮಿಸ್ತ್ರಿ ಸ್ಟೀರಿಂಗಿಗೆ ಕೂತರು. ನಾನು ಹತ್ತಲಿಲ್ಲ. ಕೊಳ್ಳದ ಕಾರಿನಲ್ಲಿ ಸುತ್ತುವುದು ಸರಿಯಲ್ಲ ಎನಿಸಿತೋ, ಅಥವಾ ನಾನು ಕೂತಿದ್ದೆನೆಂದುಕೊಂಡ ಜಾಗದಲ್ಲಿ ಅಕ್ಕನನ್ನು ಕಂಡು ಹಿಂಜರಿದೆನೋ, ಈಗ ಹೇಳಲಾರೆ. "ನೀವು ಹೋಗಿ ಬರ್ರಿ" ಎಂದೆ.

ಕಾರು ಓಣಿಯಲ್ಲಿ ಹೊರಟಿತು. ತುದಿಯಲ್ಲಿ ಎಮ್ಮೆಗಳು ಅಡ್ಡ ಬಂದವು. ಕಾರು ನಿಂತಿತು. ಹಿಂದೆ ಎಡಕ್ಕೆರಡು, ಬಲಕ್ಕೆರಡು, ನಾಲ್ಕೂ ಗುಂಡು ದೀಪ ಬಿಸಿಲಿನಲ್ಲಿ ಕೆಂಡದಂತೆ ಹೊತ್ತಿಕೊಂಡವು.

ಎಮ್ಮೆಗಳು ನಿಧಾನವಾಗಿ ದಾಟಿದವು. ದೀಪ ಆರಿತು. ಕಾರು ತಿರುವಿನಲ್ಲಿ ಮರೆಯಾಯಿತು. ನಾನು ನಡುರಸ್ತೆಯಲ್ಲಿ ನಿಂತಿದ್ದೆ. ನನ್ನ ನೆನಪಿನಂತೆ ಆ ದೀಪಗಳು ಎಷ್ಟು ದೂರದಲ್ಲಿ, ಎಷ್ಟು ಎತ್ತರದಲ್ಲಿ ಕಾಣಬೇಕೋ ಅಷ್ಟರಲ್ಲೇ ಕಂಡಿದ್ದವು.

ಸುತ್ತು ಮುಗಿಸಿ ಬಂದ ಮಿಸ್ತ್ರಿಯನ್ನು ಕೇಳಿದೆ. "ಹಗಲಹೊತ್ತಿನಾಗ ಈ ದೀಪ ಯಾವಾಗ ಹತ್ತತಾವ?"

"ಹಗಲಿನ್ಯಾಗ ಸುಮ್ನ ಹತ್ತಂಗಿಲ್ಲರಿ. ಬ್ರೇಕ್ ತುಳದ್ರ ಹತ್ತತಾವ. ಕಾಲ ತಗದ್ರ ಆರತಾವ."

ಎಷ್ಟೋ ಹುಡುಗರಿಗೆ ಕಲಿಸಿದ ಪ್ರಶ್ನೆ ಆಗ ನನಗೆ ನೆನಪಾಯಿತು. ಆಗ ಎಲ್ಲಿ ನಿಂತಿದ್ದೆ? ಕಾರಿನೊಳಗೆ ಕೂತವನಿಗೆ ಹಿಂದಿನ ದೀಪ ಕಾಣುವುದಿಲ್ಲ. ಮುಂದೆ ಕೂತವನಿಗೂ ಇಲ್ಲ, ಹಿಂದೆ ಕೂತವಳಿಗೂ ಇಲ್ಲ. ಅದನ್ನು ನೋಡಬಲ್ಲವನು ಬಿಟ್ಟುಹೋದ ಕಾರಿನ ಹಿಂದೆ ರಸ್ತೆಯಲ್ಲಿ ನಿಂತವನು ಮಾತ್ರ.

ಅಕ್ಕ ಇನ್ನೂ ಹಿಂದೆಯೇ ಕೂತಿದ್ದಳು. ಕಿಟಕಿಗೆ ಬಗ್ಗಿ ಕೇಳಿದೆ. "ಅವತ್ತು ಕಾಕಾ ಓಣಿ ತುದೀಗೆ ಗಾಡಿ ನಿಲ್ಲಿಸಿದ್ದರೇನು?"

"ನಿಲ್ಲಿಸಿದ್ರು. ಭಾಳ ಹೊತ್ತು ನಿಂತಿದ್ರು. ಕನ್ನಡಿಯೊಳಗ ನೋಡಕೋತ ಕೂತಿದ್ರು, ಅಜ್ಜ ಮನಸ್ಸು ಬದಲಿ ಮಾಡಿ ನಿನ್ನ ಕಳಸತಾರೇನೋ ಅಂತ." ಅವಳು ನಿಲ್ಲಿಸಿ ನನ್ನನ್ನು ನೋಡಿದಳು. "ನಿನಗ ಹ್ಯಾಂಗ ಗೊತ್ತು? ಇದನ್ನ ನಾ ನಿನಗ ಹೇಳೇ ಇಲ್ಲ. ಹೇಳಿದ್ರ ಮತ್ತ ಅಳತೀ ಅಂತ ಬಿಟ್ಟಿದ್ದೆ."

"ದೀಪ ಹತ್ತಿದ್ದವು" ಎಂದೆ.

"ಯಾವ ದೀಪ?"

ಅವಳಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ.

ಮಿಸ್ತ್ರಿ ಬಾನೆಟ್ಟು ಮುಚ್ಚಿ, ಸ್ಟೀರಿಂಗ್ ಭಾರ, ಪಾಸಿಂಗಿನ ತಾಪತ್ರಯ, ಎಡಗಡೆಯ ಟೈರಿನ ಸವೆತ ಎಲ್ಲವನ್ನೂ ಇನ್ನೊಮ್ಮೆ ಹೇಳಿದರು. ಎಲ್ಲವೂ ನಿಜ. ನಾನು ಎಲ್ಲಕ್ಕೂ ಹೌದೆಂದು ತಲೆಯಾಡಿಸಿ, ಗುತ್ತಿಗೆದಾರನಿಗೆ ಇದನ್ನೇ ತೆಗೆದುಕೊಳ್ಳುತ್ತೇನೆ ಎಂದೆ. ಮಿಸ್ತ್ರಿ ಅಕ್ಕನ ಕಡೆ ತಿರುಗಿ, "ಅಮ್ಮಾರ, ನಾವು ಹೇಳೂದೆಲ್ಲಾ ಹೇಳೇವ್ರಿ" ಎಂದರು.

"ಅಂವ ಕತ್ತೀನೇ ಬೇಕಂದ್ರ ನಾವೇನ ಮಾಡೂದ್ರಿ" ಎಂದಳು ಅಕ್ಕ. ನನಗೆ, "ಹತ್ತು ಇನ್ನ. ಆವಾಗಿಂದ ಮುಂದಿನ ಸೀಟು ಖಾಲಿನೇ ಅದ. ಹೇಳಲಿಕ್ಕೆ ಅಜ್ಜ ಇಲ್ಲೀಗ" ಎಂದಳು.

ಬಗ್ಗಿ, ಒಂದು ಕಾಲು ಒಳಗಿಟ್ಟು, ಇನ್ನೊಂದನ್ನು ಎಳೆದುಕೊಂಡು ಕೂತೆ. ಹೆಂಡತಿ ಹೇಳಿದ್ದು ನಿಜ, ಇಳಿಯುವಾಗ ಯಾರಾದರೂ ಎಳೆಯಬೇಕಾಗುತ್ತದೆ. ಸೀಟು ಬಟ್ಟೆಯದು, ಯಾವ ವಾಸನೆಯೂ ಇರಲಿಲ್ಲ. ಮಿಸ್ತ್ರಿ ಗಾಡಿ ಹೊರಡಿಸಿ ಓಣಿಯ ತುದಿಗೆ ಬಂದು ಬ್ರೇಕ್ ತುಳಿದರು. ಹಿಂದಿನ ದೀಪ ಹೊತ್ತಿರಬೇಕು. ಕೂತಲ್ಲಿಂದ ಕಾಣಲಿಲ್ಲ.